ವಿಲಾಯತಿಯಲ್ಲಿ ಕಂಡ ಎದೆಯ ಗೆರೆ

ನಾನು ವಿಲಾಯತಿಗೆ ಹೋಗಿ ಬಂದವಳೆಂದು ಗೊತ್ತಾದ ಕೂಡಲೆ ನಮ್ಮ ಓಣಿಯ ಹೆಣ್ಣುಮಕ್ಕಳು ಕೇಳುವ ಮೊದಲ ಮಾತು, "ರಾಜನ ಅರಮನಿ ನೋಡಿದ್ರೇನ್ರಿ ಅಕ್ಕಾರ?" ಎಂಬುದು. ನೋಡಿದೆ, ಹೊರಗಿನಿಂದ. ಅಂದು ಜಿಟಿಜಿಟಿ ಮಳೆ. ಇಳಕಲ್ ಸೀರೆಯ ಅಂಚು ತೊಯ್ದು ಕಾಲಿಗೆ ಸುತ್ತಿಕೊಂಡಿತ್ತು, ನನ್ನ ಲಕ್ಷ್ಯವೆಲ್ಲ ಆ ಅಂಚಿನ ಮೇಲೆಯೇ ಇತ್ತು. ಹೀಗಾಗಿ ಅರಮನೆಯ ವರ್ಣನೆ ನನ್ನಿಂದ ಆಗದು. ನಾನು ಕಣ್ಣು ತುಂಬ ಕಂಡದ್ದು ಒಂದು ಪ್ರಯೋಗಶಾಲೆ, ಅದರ ಹಿತ್ತಲಿನ ನಾಯಿಗಳು, ಮತ್ತು ನನ್ನ ಗಂಡನ ಎದೆಯೊಳಗೆ ನನಗೆ ಗೊತ್ತಿಲ್ಲದೆ ಇದ್ದ ಒಂದು ಗಾಯ.

ಇವರು, ಅಂದರೆ ನಮ್ಮ ಯಜಮಾನರು, ಧಾರವಾಡದಲ್ಲಿ ಡಾಕ್ಟರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ. ಮುಂಬಯಿಯಲ್ಲಿ ಕಲಿತು ಬಂದು ಊರಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಸೈಕಲ್ ಮೇಲೆ ತಿರುಗಿ ಔಷಧ ಕೊಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಿಂದ ಇವರ ಗೆಳೆಯರಾದ ಅರಿವೆ ವ್ಯಾಪಾರಿಯೊಬ್ಬರು ಬಂದು, ನಡೆದರೆ ಎದೆ ಹಿಡಿದಂತಾಗುತ್ತದೆ ಎಂದರು. ಇವರು ಸ್ಟೆಥಾಸ್ಕೋಪು ಹಚ್ಚಿ ಕೇಳಿದರು. ಸಪ್ಪಳ ಸರಿಯಾಗಿಯೇ ಇತ್ತು. "ವಾಯು ಆಗೇತಿ, ಓಂಕಾಳು ತಿನ್ರಿ" ಎಂದು ಕಳಿಸಿದರು. ಸ್ವಲ್ಪ ದಿನಗಳಲ್ಲಿಯೇ ಆ ಗೆಳೆಯರು ಅಂಗಡಿಯ ಗಾದಿಯ ಮೇಲೆ, ಗಿರಾಕಿಯೊಬ್ಬಳಿಗೆ ಕುಬಸದ ಖಣ ತೋರಿಸುತ್ತಿದ್ದಾಗ, ಕುಳಿತಲ್ಲಿಯೇ ವಾಲಿದರು. ಮತ್ತೆ ಏಳಲಿಲ್ಲ.

ಅದಾದ ಮೇಲೆ ಇವರಿಗೆ ಊಟ ಸೇರದಾಯಿತು. "ಕಿವೀಗೆ ಕೇಳದ್ದನ್ನ ಕಣ್ಣಿಗೆ ತೋರಿಸೂ ಯಂತ್ರ ಐತಿ, ನೀಲಾ. ಎದಿ ತನ್ನ ಗೆರಿ ತಾನ ಬರೀತೈತಿ" ಎಂದು ನನಗೆ ದಿನಾ ಹೇಳುತ್ತಿದ್ದರು. ಕೊನೆಗೆ ಲಂಡನ್ನಿನ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ಕಲಿಯಲು ಇವರಿಗೆ ಒಪ್ಪಿಗೆ ಸಿಕ್ಕಿತು. ನಮಗೆ ಮಕ್ಕಳಿಲ್ಲ. ನಾನು ಮನೆಯಲ್ಲಿರುತ್ತೇನೆ ಎಂದೆ. ನಮ್ಮ ಅತ್ತಿ ಕೇಳಲಿಲ್ಲ. "ಅವಗ ಕೆಲಸ ಸಿಕ್ರ ಊಟದ ನೆನಪು ಇರಂಗಿಲ್ಲ. ನೀನೂ ಹೋಗು. ನಂದೇನು, ನಾ ಗಟ್ಟಿ ಅದೇನಿ" ಎಂದು ನನ್ನ ಟ್ರಂಕನ್ನು ತಾವೇ ತುಂಬಿದರು. ಅದರಲ್ಲಿ ಅರ್ಧ ಶೇಂಗಾ ಚಟ್ನಿಯೇ ಇತ್ತು.

ಹಡಗಿನಲ್ಲಿ

ಮುಂಬಯಿಯ ಧಕ್ಕೆಯನ್ನು ಬಿಟ್ಟ ಮೇಲೆ ಸಮುದ್ರವು ನನ್ನನ್ನು ಹಾಸಿಗೆಗೆ ಕೆಡವಿತು. ತಲೆ ಎತ್ತುವಂತಾದಾಗ ಊಟದ ಮನೆಗೆ ಹೋದೆ. ನಾವು ಲಿಂಗವಂತರು, ಮಾಂಸ ಮುಟ್ಟುವವರಲ್ಲ ಎಂದು ಇವರು ಮೊದಲೇ ತಿಳಿಸಿದ್ದರಿಂದ, ನನ್ನ ಮುಂದೆ ಬೇಯಿಸಿದ ಬಟಾಟೆ, ಬೇಯಿಸಿದ ಕೋಬೀಜಿನ ಎಲೆ ಇಟ್ಟರು. ಉಪ್ಪಿಲ್ಲ, ಖಾರವಿಲ್ಲ, ಎರಡಕ್ಕೂ ಒಂದೇ ಬಣ್ಣ, ಒಂದೇ ವಾಸನೆ.

"ಇದನ್ನ ಎಮ್ಮೀನೂ ಮೂಸಂಗಿಲ್ಲ" ಎಂದೆ, ಯಾರಿಗೂ ತಿಳಿಯದು ಎಂಬ ಧೈರ್ಯದಿಂದ.

ಹಿಂದೆ ತಾಟುಗಳನ್ನು ಒಯ್ಯುತ್ತಿದ್ದವನು ಗಕ್ಕನೆ ನಿಂತ. ಬಿಳಿ ಟೊಪ್ಪಿಗೆ, ಕುರುಚಲು ಗಡ್ಡ. "ನಮ್ಮೂರ ಎಮ್ಮಿಯಂತೂ ಖರೇನ ಮೂಸಂಗಿಲ್ರಿ ಅಕ್ಕಾರ" ಎಂದ.

ಅವನು ಶಿರಗುಪ್ಪಿಯ ಇಮಾಮಸಾಬ. ಹಡಗಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ. ಅಂದಿನಿಂದ ಮಧ್ಯಾಹ್ನ ತನ್ನ ಕೆಲಸ ಮುಗಿಸಿ ಹಡಗಿನ ಕೆಳಗಿನ ಅಂತಸ್ತಿನಲ್ಲಿ ನಮಗಾಗಿ ರೊಟ್ಟಿ ತಟ್ಟುತ್ತಿದ್ದ. ಮೊದಲ ದಿನ ಅವನಾಗಿಯೇ ಹೇಳಿದ: "ಹಂಚು ನನ್ನ ಸ್ವಂತದ್ರಿ. ಇದರ ಮ್ಯಾಲೆ ಜ್ವಾಳಾ ಬಿಟ್ರ ಮತ್ತೇನೂ ಬಿದ್ದಿಲ್ಲ." ಮೂವರೂ ನೆಲಕ್ಕೆ ಕುಳಿತು ಅತ್ತಿಯ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಮೇಲೆ ಸಾಹೇಬರ ಬ್ಯಾಂಡು ಬಾರಿಸುತ್ತಿತ್ತು. ಶಿರಗುಪ್ಪಿಯ ಕೆರೆ, ಹೊಲ, ಯಾರ ಮನೆಯಲ್ಲಿ ಎಷ್ಟು ಎತ್ತು, ಎಲ್ಲವೂ ಇವರಿಗೆ ಗೊತ್ತಿದ್ದುದು ಅವನಿಗೆ ದೊಡ್ಡ ಸೋಜಿಗ. "ಡಾಕ್ಟರ ಸಾಹೇಬ್ರ, ನೀವು ನಮ್ಮೂರಾಗ ನನಗಿಂತ ಹೆಚ್ಚು ತಿರಿಗೀರಿ" ಎನ್ನುತ್ತಿದ್ದ.

ಊಟವಾದ ಮೇಲೆ ಕಬ್ಬಿಣದ ಕಡಿದಾದ ಮೆಟ್ಟಿಲು ಹತ್ತಿ ಮೇಲಕ್ಕೆ ಬರಬೇಕು. ಅರ್ಧಕ್ಕೆ ಇವರು ನಿಲ್ಲುತ್ತಿದ್ದರು. "ನಿಂದ್ರು, ಸಮುದ್ರ ನೋಡೂಣು" ಎನ್ನುತ್ತಿದ್ದರು. ಊರಲ್ಲಿ ಸಂಜೆಯ ಆಕಾಶವನ್ನು ಸಹ ತಲೆ ಎತ್ತಿ ನೋಡದ ಮನುಷ್ಯ. ಹಡಗು ಹತ್ತಿದ ಮೇಲೆ ರಸಿಕರಾದರಲ್ಲ ಎಂದು ನನಗೆ ಖುಷಿಯೇ ಆಯಿತು.

ಮಿಸ್ ಪಿಮ್ ಅವರ ಮನೆ

ಲಂಡನ್ನಿನಲ್ಲಿ ನಮಗೆ ಇರಲು ಕೋಣೆ ಕೊಟ್ಟವರು ಮಿಸ್ ಪಿಮ್. ಅದೇ ಪ್ರಯೋಗಶಾಲೆಯಲ್ಲಿ ಎದೆಯ ಗೆರೆ ಮೂಡಿದ ಗಾಜಿನ ಫಲಕಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ತೆಗೆಯುವ ಕೆಲಸ ಅವರದು. ಐವತ್ತು ದಾಟಿದ, ಉದ್ದಕ್ಕೆ ಕಡ್ಡಿಯಂತಿದ್ದ ಹೆಂಗಸು, ಮದುವೆಯಾಗಿರಲಿಲ್ಲ. ಮೇಲಿನ ಅಂತಸ್ತಿನ ಎರಡು ಕೋಣೆ ನಮಗೆ, ಕೆಳಗೆ ಅವರು ಮತ್ತು ಅವರ ಬೆಕ್ಕು. ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ಕಲಿತ ಇಂಗ್ಲಿಷು ಅವರಿಗೆ ತಿಳಿಯುತ್ತಿತ್ತು. ಅವರದು ನನಗೆ ತಿಳಿಯಲು ಕೆಲವು ದಿನ ಹಿಡಿಯಿತು. ಅಲ್ಲಿಯವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿಯೇ ಕೊಡುತ್ತೇನೆ.

ಆ ಊರಿನ ಮಂದಿ ಕ್ಷಮೆ ಕೇಳುವುದರಲ್ಲಿ ಬಹಳ ಧಾರಾಳಿಗಳು. ನೀವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಬಸ್ಸಿಗಾಗಿ ಒಬ್ಬರ ಹಿಂದೆ ಒಬ್ಬರು ಮಾತಿಲ್ಲದೆ ನಿಲ್ಲುತ್ತಾರೆ. ನಮ್ಮ ದುರ್ಗದಬೈಲಿನಲ್ಲಿ ಮಂದಿ ಹಾಗೆ ಸಾಲಾಗಿ ಸುಮ್ಮನೆ ನಿಂತರೆ, ಯಾರು ತೀರಿಕೊಂಡರೆಂದು ಕೇಳುವವರು ಬರುತ್ತಿದ್ದರು.

ಬಂದ ಹೊಸದರಲ್ಲಿ ಸೀರೆ ಒಗೆದು ಕಿಟಕಿಯಿಂದ ಇಳಿಬಿಟ್ಟೆ. ಅಷ್ಟುದ್ದ ಅರಿವೆ ಒಣಗಿಸಲು ಆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಗಾಳಿ ಬಂತು, ಸೀರೆ ಹಾರಿ ಪಕ್ಕದ ಮನೆಯ ಗಿಡದ ಮೇಲೆ ಹರಡಿಕೊಂಡಿತು. ನಾನು ನಾಚಿಕೆಯಿಂದ ಒಳಗೆ ಕುಳಿತೆ. ಸಂಜೆ ಆ ಮನೆಯ ಮುದುಕರು ಸೀರೆಯನ್ನು ಅಚ್ಚುಕಟ್ಟಾಗಿ ಮಡಿಚಿ, ಚಹದ ಟ್ರೇಯಲ್ಲಿಟ್ಟುಕೊಂಡು ಬಂದು, ತಮ್ಮ ಗಿಡದಿಂದ ತೊಂದರೆಯಾಯಿತೆಂದು ಕ್ಷಮೆ ಕೇಳಿ ಹೋದರು. ಅವರು ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದವರು, ಮಿಸ್ ಪಿಮ್ ಅವರೊಡನೆ ಮಾತಾಡಿದ್ದು ಅಂದೇ ಮೊದಲಂತೆ.

ನಾಯಿಗಳ ಹಿತ್ತಲು

ಪ್ರಯೋಗಶಾಲೆಯು ಆಸ್ಪತ್ರೆಯ ಹಿಂದಿನ ಇಟ್ಟಂಗಿಯ ಕಟ್ಟಡ. ಅದರ ಹಿತ್ತಲಿನಲ್ಲಿ ನಾಯಿಗಳಿದ್ದವು. ಓಟದ ಪಂದ್ಯದಲ್ಲಿ ಓಡಿ ಮುದಿಯಾದ, ಉದ್ದ ಮೂತಿಯ, ಹೊಟ್ಟೆ ಬೆನ್ನಿಗೆ ಹತ್ತಿದ ನಾಯಿಗಳು. ಅವುಗಳನ್ನು ಕಂಡು ನಾನು, "ಅಯ್ಯ, ಇವು ನಮ್ಮ ಮುಧೋಳ ನಾಯಿ ಅಲ್ಲೇನ್ರಿ!" ಎಂದು ಕೂಗಿಯೇ ಬಿಟ್ಟೆ.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಇವರು ನನಗೆ ಹೀಗೆ ತಿಳಿಸಿ ಹೇಳಿದರು. ಹೃದಯ ಊರಿಗೆಲ್ಲ ರಕ್ತ ಹಂಚುತ್ತದೆ, ಆದರೆ ತನ್ನ ಊಟಕ್ಕೆ ಅದಕ್ಕೂ ಬೇರೆ ನಾಳಗಳಿವೆ. ಅದರಲ್ಲಿ ಒಂದು ಕಟ್ಟಿದರೆ, ಅದರ ಕೆಳಗಿನ ಸ್ನಾಯು ನೀರು ಕಾಣದ ಮಡಿಯಂತೆ ಒಣಗುತ್ತದೆ. ಬದುಕಿದರೆ ಅಲ್ಲಿ ಕಲೆ ಉಳಿಯುತ್ತದೆ. ಪ್ರಯೋಗಶಾಲೆಯ ಮುಖ್ಯಸ್ಥರಾದ ಪ್ರೊಫೆಸರ್ ಟಾರ್ಬೆಟ್ ನಾಯಿಗೆ ಪೂರ್ತಿ ಮಂಪರು ಬರಿಸಿ, ಎದೆ ತೆರೆದು, ಅಂಥ ಒಂದು ಸಣ್ಣ ನಾಳವನ್ನು ದಾರದಿಂದ ಕಟ್ಟುತ್ತಿದ್ದರು. ಆಮೇಲೆ ದಿನಾ ಯಂತ್ರದಿಂದ ಗೆರೆ ತೆಗೆದು, ಗಾಯ ಎಲ್ಲಿದ್ದರೆ ಗೆರೆ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದರು. ಎರಡನೆಯ ಕೆಲಸ ಇದಕ್ಕಿಂತ ಕಠಿಣ. ಹೊಟ್ಟೆಯೊಳಗೆ ಕರುಳಿನ ಮುಂದೆ ಜಾಲರಿಯಂತೆ ಇಳಿಬಿದ್ದ ಕೊಬ್ಬಿನ ಪದರು ಇರುತ್ತದಂತೆ. ಅದರ ತುಂಬ ರಕ್ತನಾಳ. ಅದನ್ನು ಮೇಲಕ್ಕೆ ತಂದು ಗಾಯವಾದ ಹೃದಯಕ್ಕೆ ಹೊಲಿದರೆ, ಹೊಸ ನಾಳಗಳು ಬೆಳೆದು ಹೃದಯಕ್ಕೆ ಊಟ ಕೊಟ್ಟಾವೋ ಎಂಬುದು ಪರೀಕ್ಷೆ.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ, "ಇದು ಪಾಪ ಅಲ್ಲೇನ್ರಿ?" ಎಂದು ಕೇಳಿದೆ.

ಇವರು ತಾಟನ್ನು ಬದಿಗೆ ಸರಿಸಿದರು. "ಪಾಪನ ಇರಬೇಕು, ನೀಲಾ. ಆದ್ರ ಆ ಗಾದಿ ಮ್ಯಾಲೆ ಸತ್ತ ಮನುಷ್ಯಾಗ ನಾ ಓಂಕಾಳು ಕೊಟ್ಟಿದ್ನೆಲ್ಲ, ಅದಕ್ಕ ಏನಂತಿ?"

 ಮರುದಿನದಿಂದ ನಾಯಿಗಳಿಗೆ ಹಾಲು ಹಾಕಲು ಮಿಸ್ ಪಿಮ್ ಅವರ ಜೊತೆ ಹೋಗತೊಡಗಿದೆ. ಅದರಿಂದ ಪಾಪ ಕಡಿಮೆಯಾಗದು ಎಂದು ನನಗೂ ಗೊತ್ತಿತ್ತು. ಅವುಗಳಲ್ಲಿ ಬಿಸ್ಕಿಟ್ ಎಂಬ ಹೆಸರಿನ ಕಂದು ಹೆಣ್ಣುನಾಯಿಗೆ ಆ ಹೊಲಿಗೆ ಆಗಿತ್ತು. ಎದೆಯ ಮೇಲೆ ಕೂದಲು ಬೋಳಿಸಿದ್ದರು. ಅದು ನನ್ನ ಸೆರಗಿನೊಳಗೆ ಮೂತಿ ತೂರಿಸಿ ನಿಲ್ಲುತ್ತಿತ್ತು. ಅದರ ಜೊತೆ ನಾನು ಕನ್ನಡದಲ್ಲಿಯೇ ಮಾತಾಡುತ್ತಿದ್ದೆ.

ಉಪ್ಪುನೀರು

ಗಾಯದ ಗೆರೆ ಗುರುತಿಸಬೇಕಾದರೆ ಗಟ್ಟಿ ಹೃದಯದ ಗೆರೆಯೂ ಬೇಕಲ್ಲ? ಹೋಲಿಸಿ ನೋಡಲು ಪ್ರೊಫೆಸರರು ಆರೋಗ್ಯವಂತರ ಗೆರೆಗಳನ್ನು ಕೂಡಿಸುತ್ತಿದ್ದರು. ಒಂದು ಮಧ್ಯಾಹ್ನ ಮಿಸ್ ಪಿಮ್ ನಮ್ಮಿಬ್ಬರನ್ನೂ ಕರೆದರು. "ಹಿಂದುಸ್ಥಾನದ ಹೃದಯ ನಮ್ಮಲ್ಲಿ ಒಂದೂ ಇಲ್ಲ" ಎಂದರು.

ಮೊದಲು ನಾನು ಕುಳಿತೆ. ಎರಡೂ ಕೈ ಒಂದೊಂದು ಉಪ್ಪುನೀರಿನ ಪಾತ್ರೆಯಲ್ಲಿ, ಎಡಗಾಲು ಕೆಳಗೆ ಇನ್ನೊಂದರಲ್ಲಿ. ಪಾತ್ರೆಗಳಿಂದ ತಂತಿಗಳು ಯಂತ್ರಕ್ಕೆ ಹೋಗಿದ್ದವು. ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಎಳೆ ಎರಡು ಅಯಸ್ಕಾಂತಗಳ ನಡುವೆ ತೂಗುತ್ತದೆ. ಎದೆ ಬಡಿದಾಗ ಅದು ನಡುಗುತ್ತದೆ. ಅದರ ನೆರಳು ಸರಿಯುವ ಗಾಜಿನ ಫಲಕದ ಮೇಲೆ ಬೀಳುತ್ತದೆ. ನನ್ನ ಹಸಿರು ಬಳೆಗಳು ನೀರಿನಲ್ಲಿ ಮುಳುಗಿ ಕೂತವು. ಫಲಕ ತೊಳೆದು ತಂದು ಮಿಸ್ ಪಿಮ್ ತೋರಿಸಿದರು. ಒಂದು ಸಣ್ಣ ದಿಬ್ಬ, ಒಂದು ಚೂಪು ಶಿಖರ, ಮತ್ತೊಂದು ದುಂಡು ಗುಡ್ಡ, ಸ್ವಲ್ಪ ಬಯಲು, ಮತ್ತೆ ಅದೇ. "ಬಹಳ ಸಭ್ಯ ಹೃದಯ" ಎಂದರು.

ಆಮೇಲೆ ಇವರು. ಅಂಗಿಯ ಗುಂಡಿ ಬಿಚ್ಚಿದಾಗ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಂಡಿತು. ಮಿಸ್ ಪಿಮ್ ಅದನ್ನು ತೆಗೆದಿಡಬಹುದೇ ಎಂದರು.

"ಅದು ಬರುವುದಿಲ್ಲ. ಅದರೊಳಗೆ ನನ್ನ ದೇವರಿದ್ದಾನೆ" ಎಂದರು ಇವರು.

"ಹಾಗಾದರೆ ಅವನದೂ ಗೆರೆ ಬಂದೀತು" ಎಂದು ಮಿಸ್ ಪಿಮ್ ನಕ್ಕು ಯಂತ್ರದ ದೀಪ ಹಚ್ಚಿದರು.

ಕತ್ತಲೆ ಕೋಣೆಯಿಂದ ಅವರು ಹೊರಗೆ ಬಂದಾಗ ನಗು ಇರಲಿಲ್ಲ. ಫಲಕ ಕೆಟ್ಟಿತು, ಮತ್ತೊಮ್ಮೆ ತೆಗೆಯೋಣ ಎಂದರು. ಮತ್ತೊಮ್ಮೆಯೂ ತೆಗೆದರು. ಆಮೇಲೆ ಪ್ರೊಫೆಸರರನ್ನು ಕರೆತಂದರು. ಅವರು ಹಸಿ ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತರು. ಇವರು ಕೈ ಒರೆಸಿಕೊಳ್ಳುತ್ತ ಹೋಗಿ, ಅವರ ಭುಜದ ಪಕ್ಕದಿಂದ ನೋಡಿದರು.

"ಇದು ಯಾರದು?" ಎಂದು ಕೇಳಿದರು ಇವರು. ನಾಯಿಗಳ ಫಲಕದ ಜೊತೆ ಬೆರಕೆಯಾಗಿದೆ ಎಂದೇ ತಿಳಿದರು.

ಪ್ರೊಫೆಸರ್ ಟಾರ್ಬೆಟ್ ಫಲಕವನ್ನು ಇವರ ಕೈಗೆ ಕೊಟ್ಟರು. "ನಿಮ್ಮದು" ಎಂದರು.

ಗುಡ್ಡ ಇರಬೇಕಾದ ಜಾಗದಲ್ಲಿ ಗುಂಡಿ ಇತ್ತು. ಅಷ್ಟು ನನಗೂ ಕಂಡಿತು. ಗಾಯ ಹೊಸದಲ್ಲ, ಹಿಂದೆಂದೋ ಆದದ್ದು ಎಂದು ಪ್ರೊಫೆಸರರು ಹೇಳಿದರು. ಎಂದಾದರೂ ಜೋರಾಗಿ ನೋವು ಬಂದಿತ್ತೇ, ಬೆವರಿತ್ತೇ, ಎಂದು ಕೇಳಿದರು. ಇವರು ಇಲ್ಲ ಎಂದರು. ನಾನು ಹೌದು ಎಂದೆ.

ಎರಡು ವರ್ಷದ ಹಿಂದೆ, ಹಳ್ಳಿಯಿಂದ ಸೈಕಲ್ ಮೇಲೆ ಬಂದು, ಉಂಡು, ಮಧ್ಯಾಹ್ನ ಪಡಸಾಲೆಯಲ್ಲಿ ಇವರು ಬಿದ್ದುಕೊಂಡಿದ್ದರು. ಮೈಯೆಲ್ಲ ನೀರಾಗಿತ್ತು. ಮುಖ ಸುಣ್ಣದಂತಿತ್ತು. "ನಿನ್ನ ಬದನಿಕಾಯಿ ಎಣ್ಣಿಗಾಯಿ ಹೊಟ್ಯಾಗ ನಿಂತೈತಿ" ಎಂದು ಸೋಡಾ ಕುಡಿದು ಮಲಗಿದರು. ಮರುದಿನ ಮತ್ತೆ ಸೈಕಲ್ ಹತ್ತಿದರು. ನಾನು ಆಮೇಲೆ ಎಣ್ಣೆಗಾಯಿ ಮಾಡಿಯೇ ಇರಲಿಲ್ಲ. ಅದೇ ನನ್ನ ಕೈಯಡಿಗೆಯಲ್ಲಿ ಇವರಿಗೆ ಬಹಳ ಪ್ರೀತಿಯದು. ಇದನ್ನೆಲ್ಲ ನಾನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಬದನೆಕಾಯಿಗೆ ಅವರ ಮಾತಿನಲ್ಲಿ ಏನೆನ್ನುತ್ತಾರೋ ಬರಲಿಲ್ಲ. ಕೈಯಿಂದ ಆಕಾರ ತೋರಿಸಿದೆ. ಪ್ರೊಫೆಸರರು ಗಂಭೀರವಾಗಿ ತಲೆಯಾಡಿಸಿ, "ಆ ಕಾಯಿಯದು ತಪ್ಪಿಲ್ಲ, ಅಮ್ಮ" ಎಂದರು.

ಆಗ ನನಗೆ ಹಡಗಿನ ಮೆಟ್ಟಿಲು ನೆನಪಾಯಿತು. ಇವರು ಸಮುದ್ರ ನೋಡಲು ನಿಲ್ಲುತ್ತಿರಲಿಲ್ಲ.

ತಪ್ಪಿದ ಬಸ್ಸು

ಮನೆಗೆ ಬಂದ ಮೇಲೆ ಇವರು ಹೇಳಿದ ಮೊದಲ ಮಾತು, "ಅವ್ವಗ ಬರೀಬ್ಯಾಡ." ಎರಡನೆಯದು, "ನಾ ಹೊಲಿಗಿ ಹಾಕಿಸ್ಕೋತೀನಿ."

ಬಿಸ್ಕಿಟ್‌ಗೆ ಮಾಡಿದ ಹೊಲಿಗೆಯನ್ನು ಆಗಲೇ ಕೆಲವು ಮನುಷ್ಯರಿಗೂ ಮಾಡಿದ್ದರು. ಇವರಿಗೆ ಅದೇ ಮನಸ್ಸಿನಲ್ಲಿ ಕೂತಿತು. ಕುಳಿತರೂ ಅದೇ ಮಾತು, ಉಂಡರೂ ಅದೇ. ನಾನು ಬೇಡವೆಂದರೆ, ನಿನಗೇನು ತಿಳಿಯುತ್ತದೆ ಎನ್ನುವರು. ಹೌದು, ನನಗೆ ತಿಳಿಯದು. ತಿಳಿದವರನ್ನು ಕೇಳೋಣ ಎಂದು ಒಬ್ಬಳೇ ಹೊರಟೆ.

ಬಸ್ಸು ಹತ್ತಿದೆ. ನಂಬರು ಸರಿಯಾಗಿಯೇ ಇತ್ತು, ದಿಕ್ಕು ಮಾತ್ರ ಉಲ್ಟಾ. ಕೊನೆಯ ನಿಲುಗಡೆಯಲ್ಲಿ ಇಳಿಸಿದರು. ನೋಡಿದರೆ ಮೀನಿನ ಪೇಟೆ. ತಲೆಯ ಮೇಲೆ ಸೆರಗು ಹೊದ್ದು, ಮೂಗಿಗೂ ಅದೇ ಸೆರಗು ಹಿಡಿದುಕೊಂಡು ನಿಂತಿದ್ದ ನನ್ನನ್ನು ಕಂಡು, ಒಬ್ಬ ದಪ್ಪ ಮೀನುಗಾರ್ತಿ ತನ್ನ ಬುಟ್ಟಿ ಬಿಟ್ಟು ಎದ್ದು ಬಂದಳು. ನಾನು ಹೇಳಿದ್ದು ಅವಳಿಗೆ ಒಂದೂ ತಿಳಿಯಲಿಲ್ಲ. ಆದರೆ ನಾನು ಎದೆಯ ಮೇಲೆ ಕೈಯಿಟ್ಟು ಆಸ್ಪತ್ರೆ ಎಂದದ್ದು ತಿಳಿಯಿತು. ನನಗೇ ಎದೆನೋವು ಎಂದುಕೊಂಡು ನನ್ನನ್ನು ಒಂದು ಪೆಟ್ಟಿಗೆಯ ಮೇಲೆ ಕೂಡಿಸಿ, ನೀರು ಕುಡಿಸಿ, ಬಸ್ಸಿನವರೆಗೆ ತೋಳು ಹಿಡಿದು ನಡೆಸಿದಳು. ಬಸ್ಸಿನವನಿಗೆ ಏನು ಹೇಳಿದಳೋ, ಅವನು ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ಪ್ರಯೋಗಶಾಲೆ ಮುಟ್ಟುವಾಗ ಸಂಜೆಯಾಗಿತ್ತು. ಪ್ರೊಫೆಸರ್ ಟಾರ್ಬೆಟ್ ಕೋಟು ಹಾಕಿಕೊಂಡು ಹೊರಟಿದ್ದವರು ಕೋಟು ತೆಗೆದು ಕುಳಿತರು. ನನ್ನಿಂದ ಮೀನಿನ ವಾಸನೆ ಬರುತ್ತಿದ್ದಿರಬೇಕು, ಅವರು ತೋರಗೊಡಲಿಲ್ಲ.

"ಹೊಲಿಗೆ ಹಾಕಿಸಿಕೊಂಡ ಮನುಷ್ಯರು ಹೇಗಿದ್ದಾರೆ?" ಎಂದು ಕೇಳಿದೆ.

"ಕೆಲವರು ನಡೆದು ಮನೆಗೆ ಹೋದರು. ಕೆಲವರು ಮೇಜಿನಿಂದ ಏಳಲಿಲ್ಲ."

"ನಿಮ್ಮ ತಮ್ಮನಾಗಿದ್ದರೆ?"

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಎದ್ದು ಕಪಾಟಿನಿಂದ ಗಾಜಿನ ಭರಣಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಅದರೊಳಗೆ ನಾಯಿಯ ಹೃದಯವಿತ್ತು. ಈ ನಾಯಿಗೆ ನಾಳ ಕಟ್ಟಿದ್ದೆವು, ಹೊಲಿಗೆ ಹಾಕಿರಲಿಲ್ಲ ಎಂದರು. ಒಂದು ಕಡೆ ಬೆಳ್ಳಗೆ, ಬಿಗಿಯಾದ ಕಲೆ. ಅದರ ಸುತ್ತ ಕೂದಲಿನಂಥ ಸಣ್ಣ ನಾಳಗಳು ಹರಿದಿದ್ದವು. ಅವು ಮೊದಲು ಇಷ್ಟು ದೊಡ್ಡವಿರಲಿಲ್ಲ, ಪಕ್ಕದ ನಾಳಗಳಿಂದ ತಾವಾಗಿಯೇ ಬೆಳೆದು ಬಂದವು ಎಂದರು.

"ವೇಳೆ ಕೊಟ್ಟರೆ ಹೃದಯ ಸ್ವಲ್ಪ ತನ್ನನ್ನು ತಾನೇ ತೇಪೆ ಹಾಕಿಕೊಳ್ಳುತ್ತದೆ. ಎಷ್ಟು, ಯಾರಲ್ಲಿ, ಎಂಬುದು ನನಗೆ ಗೊತ್ತಿಲ್ಲ. ನನ್ನ ತಮ್ಮನಾಗಿದ್ದರೆ ಇವತ್ತು ಬೇಡ ಅನ್ನುತ್ತೇನೆ. ಒಂದು ಮೆಟ್ಟಿಲು ಸಹ ಹತ್ತಲಾರದ ದಿನ ಬಂದರೆ ಬೇರೆ ಮಾತು." ಭರಣಿಯನ್ನು ಮರಳಿ ಕಪಾಟಿನಲ್ಲಿಡುತ್ತ, "ಇದನ್ನು ನಿಮ್ಮ ಯಜಮಾನರಿಗೂ ಹೇಳಿದ್ದೇನೆ" ಎಂದರು.

ಇವರು ನನಗೆ ಅದನ್ನು ಹೇಳಿರಲಿಲ್ಲ.

ಮನೆಯಲ್ಲಿ ಜಗಳವಾಯಿತು. ಮದುವೆಯಾದ ಮೇಲೆ ನಾವು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಕನ್ನಡದಲ್ಲಿ ಆದ್ದರಿಂದ ಮಿಸ್ ಪಿಮ್ ಅವರಿಗೆ ತಿಳಿಯಲಿಲ್ಲ ಎಂದುಕೊಂಡಿದ್ದೇನೆ.

"ನನ್ನ ಎದಿ, ನೀ ಯಾರನ್ನ ಕೇಳಾಕ ಹೋಗಿದ್ದಿ?" ಎಂದರು ಇವರು.

"ಎದಿ ನಿಮ್ದ ಖರೇರಿ. ಇಷ್ಟು ವರ್ಷ ಅದ್ರಾಗ ಇದ್ದಾಕಿ ನಾನಲ್ಲೇನು? ಇರೂ ಮನಿ ಕೆಡವಾಕ ಹತ್ತಿದ್ರ ಒಂದು ಮಾತು ಕೇಳಬ್ಯಾಡ್ರೇನು?"

ಇವರು ನಗಲು ಹೋದರು, ಆಗಲಿಲ್ಲ. ಮಂಚದ ಮೇಲೆ ಕುಳಿತರು. "ನನಗ ಅಂಜಿಕಿ ಬಂದೈತಿ, ನೀಲಾ" ಎಂದರು. "ಕೊಯ್ಸಿಕೊಂಡ್ರ ಏನರೆ ಮಾಡಿದಂಗ ಆಕ್ಕೇತಿ. ಸುಮ್ನ ಕುಂದ್ರೂದು ನನ್ನ ಕೈಲೆ ಆಗಂಗಿಲ್ಲ."

ಎಷ್ಟು ಮಂದಿಯ ಮಂಚದ ಪಕ್ಕ ಕುಳಿತು ಅಂಜಬ್ಯಾಡ್ರಿ ಎಂದು ಹೇಳಿದ ಮನುಷ್ಯ. ನಾನು ಪಕ್ಕದಲ್ಲಿ ಕುಳಿತೆ. "ನಾನೂ ಕುಂದರತೇನಿ ನಿಮ್ಮ ಜೋಡಿ" ಎಂದೆ. 

ಹೆಣಿಗೆ

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮಿಸ್ ಪಿಮ್ ತಮ್ಮ ಮಂಚವನ್ನು ಮೇಲಕ್ಕೆ ಹೊರಿಸುತ್ತಿದ್ದರು. ನಮಗೆ ಕೆಳಗಿನ ಕೋಣೆಗಳನ್ನು ಬಿಟ್ಟುಕೊಟ್ಟರು. ಡಾಕ್ಟರರು ಮೆಟ್ಟಿಲು ಹತ್ತಬಾರದಲ್ಲ ಎಂದರು, ಅಷ್ಟೇ. ಬೆಕ್ಕು ಮಾತ್ರ ಮೇಲೆ ಹೋಗಲು ಒಪ್ಪದೆ ನಮ್ಮಲ್ಲಿಯೇ ಉಳಿಯಿತು.

ಹೊಲಿಗೆಯ ಮಾತು ಬಿಟ್ಟು, ಪ್ರೊಫೆಸರರ ಅಪ್ಪಣೆಯಂತೆ ಹಲವು ವಾರ ಇವರು ಹಾಸಿಗೆ ಬಿಟ್ಟು ಏಳಲಿಲ್ಲ. ಎದೆ ಹಿಡಿದರೆ ನಾಲಿಗೆಯ ಕೆಳಗಿಡಲು ಸಾಸಿವೆಯಷ್ಟು ಚಿಕ್ಕ ಗುಳಿಗೆ ಕೊಟ್ಟಿದ್ದರು. ಬಂಡೆ ಒಡೆಯುವ ಸಿಡಿಮದ್ದಿನಲ್ಲಿ ಇರುವುದೂ ಅದೇ ಪದಾರ್ಥ ಎಂದು ಇವರು ಹೇಳಿದ ಮೇಲೆ, ನಾನು ಆ ಸೀಸೆಯನ್ನು ಒಲೆಯಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಇಡತೊಡಗಿದೆ. ಇವರು ನಕ್ಕರೂ ನಾನು ಜಾಗ ಬದಲಿಸಲಿಲ್ಲ. ಪಕ್ಕದ ಮನೆಯ ಮುದುಕರು ದಿನಾ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು, ಗಂಟೆ ಸಹ ಬಾರಿಸದೆ ಹೋಗುತ್ತಿದ್ದರು. ಅದು ಮಾಂಸದ್ದು. ಅವರಿಗೆ ಬೇಸರವಾದೀತೆಂದು ನಾನು ಹೇಳಲಿಲ್ಲ. ಬೆಕ್ಕು ಆ ದಿನಗಳಲ್ಲಿ ಬಹಳ ದಪ್ಪವಾಯಿತು.

ಸುಮ್ಮನೆ ಇರಲಾಗದ ಇವರಿಗೆ ಮಿಸ್ ಪಿಮ್ ಹೆಣಿಗೆ ಕಲಿಸಿದರು. ಧಾರವಾಡದ ಡಾಕ್ಟರರು ದಿಂಬಿಗೆ ಒರಗಿ, ಎರಡು ಕಡ್ಡಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು ಉಣ್ಣೆ ಹೆಣೆಯುತ್ತಿದ್ದುದನ್ನು ನಮ್ಮ ಮಂದಿ ನೋಡಬೇಕಿತ್ತು. ಮೊದಲು ಹೆಣೆದದ್ದು ಬಿಸ್ಕಿಟ್‌ಗೆ ಒಂದು ಅಂಗಿ. ಅದು ಬಹಳ ದೊಡ್ಡದಾಯಿತು. ಹಾಕಿದರೆ ನಾಯಿಯ ಕಾಲೇ ಕಾಣುತ್ತಿರಲಿಲ್ಲ. ಸಂಜೆ ಮಿಸ್ ಪಿಮ್ ಆ ದಿನದ ಫಲಕಗಳನ್ನು ತಂದು ಇವರ ಕೈಗೆ ಕೊಡುವರು. ಇವರು ದೀಪಕ್ಕೆ ಹಿಡಿದು ಓದುವರು: ಈ ನಾಯಿಯ ಗಾಯ ಮುಂದಿದೆ, ಇದರದು ಕೆಳಗಿದೆ, ಇದು ವಾಸಿಯಾಗುತ್ತಿದೆ. ಕಲಿಯಲು ಬಂದದ್ದನ್ನು ಮಲಗಿಯೇ ಕಲಿತರು. ಉಳಿದ ಹೊತ್ತು ನಾವು ಮಾತಾಡಿದೆವು. ನನ್ನ ತವರಿನ ಹಿತ್ತಲಲ್ಲಿ ಯಾವ ಗಿಡಗಳಿದ್ದವು ಎಂದು ಇವರು ಕೇಳಿದ್ದು ಅಲ್ಲಿಯೇ, ಮದುವೆಯಾಗಿ ಅಷ್ಟು ವರ್ಷಗಳ ಮೇಲೆ.

ಇವರು ಎದ್ದು ನಡೆಯುವಂತಾದಾಗ ಬಿಸ್ಕಿಟ್‌ನ ಸರದಿ ಬಂತು. ಹೊಲಿಗೆ ಹಿಡಿದಿದೆಯೋ ಇಲ್ಲವೋ ಎಂದು ಜೀವ ತೆಗೆದು, ಎದೆ ತೆರೆದು ನೋಡದೆ ತಿಳಿಯುವಂತಿರಲಿಲ್ಲ. ಹಿಂದಿನ ದಿನ ಮಿಸ್ ಪಿಮ್ ಮತ್ತು ನಾನು ಅದನ್ನು ಉದ್ಯಾನಕ್ಕೆ ಕರೆದೊಯ್ದೆವು. ಅಳಿಲನ್ನು ಕಂಡು ಅದು ಓಡಿತು. ಎಂಥ ಓಟ! ಹುಲ್ಲಿನ ಮೇಲೆ ಕಾಲು ಊರಿದ್ದೇ ಕಾಣಲಿಲ್ಲ. ಮಿಸ್ ಪಿಮ್ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು. ಅವರು ಅಳುವುದನ್ನು ನೋಡಬಾರದೆಂಬ ಅಲ್ಲಿಯ ರೀತಿಯನ್ನು ನಾನೂ ಕಲಿತಿದ್ದೆ. ಗಿಡಗಳ ಕಡೆ ನೋಡುತ್ತ ನಿಂತೆ.

ಮರುದಿನ ಇವರು ಪ್ರಯೋಗಶಾಲೆಯಿಂದ ತಡವಾಗಿ ಬಂದರು. "ಹೊಲಿಗಿ ಹಿಡದಿತ್ತು, ನೀಲಾ" ಎಂದರು. "ಕೊಬ್ಬಿನ ಪದರಿನಿಂದ ಎದಿಯೊಳಗ ನಾಳ ಇಳದಿದ್ವು. ಎಷ್ಟು ಸಣ್ಣೂ ಅಂತಿ. ಬಣ್ಣ ಬಿಟ್ಟು ನೋಡಿದ್ವಿ, ಒಳಗತನಾ ಹರೀತು."

"ಮತ್ತ ನಾ ನಿಮ್ಮನ್ನ ತಡದದ್ದು ತಪ್ಪಾತೇನ್ರಿ?"

ಇವರು ಬೂಟಿನ ಲಾಡಿ ಬಿಚ್ಚಿದರು. "ಗೊತ್ತಿಲ್ಲ" ಎಂದರು. "ಟಾರ್ಬೆಟ್ಟರಿಗೂ ಗೊತ್ತಿಲ್ಲ. ಮುಂದ ಯಾರಿಗರೆ ಗೊತ್ತಾದೀತು."



ಧಾರವಾಡ

ಇದನ್ನು ಬರೆಯುವ ಹೊತ್ತಿಗೆ ನಾವು ಮರಳಿ ಬಂದು ಕೆಲವು ವರ್ಷಗಳಾದವು. ಯಂತ್ರ ತರಿಸುವ ಇವರ ಆಸೆಗೆ ಯುದ್ಧ ಅಡ್ಡ ಬಂತು. ಈಗ ಹುಬ್ಬಳ್ಳಿಯಲ್ಲಿ ಒಂದು ಬಂದಿದೆ. ಅದರ ಫಲಕಗಳನ್ನು ಓದಲು ಇವರಿಗೇ ಹೇಳಿಕಳಿಸುತ್ತಾರೆ, ರೈಲಿನಲ್ಲಿ ಹೋಗಿ ಬರುತ್ತಾರೆ. ಹಳ್ಳಿ ತಿರುಗುವುದನ್ನು ಬಿಟ್ಟಿದ್ದಾರೆ. ಎದೆಯ ಕಲೆ ಹಾಗೆಯೇ ಇದೆ, ಇವರೂ ಇದ್ದಾರೆ.

ಊರಿಗೆ ಬಂದ ದಿನದ ಒಂದು ಸಂಗತಿ ಹೇಳಬೇಕು. ಹಡಗಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಮ್ಮ ಮುಂದಿದ್ದದ್ದು ಒಂದೇ ಚಿಂತೆ, ಅತ್ತಿಗೆ ಹೇಳುವುದೋ ಬೇಡವೋ. ಎಪ್ಪತ್ತು ದಾಟಿದ ಜೀವ, ಇರುವವನು ಒಬ್ಬನೇ ಮಗ. ಹೇಳುವುದೇ ಬೇಡ ಎಂದು ಮುಂಬಯಿಯಲ್ಲಿ ಇಳಿಯುವಾಗ ಗಟ್ಟಿ ಮಾಡಿಕೊಂಡಿದ್ದೆವು.

ಸ್ಟೇಷನ್ನಿಗೆ ಅರ್ಧ ಓಣಿಯೇ ಬಂದಿತ್ತು. ಹಾರ ಹಾಕಿದರು, ಮನೆಗೆ ಕರೆತಂದರು. ಮಂದಿಯೆಲ್ಲ ಚಹ ಕುಡಿದು ಹೋದ ಮೇಲೆ ಅತ್ತಿ ಪಡಸಾಲೆಯಲ್ಲಿ ಮಗನ ಎದುರಿಗೆ ಕುಳಿತರು. ಮುಖವನ್ನು ನೋಡಿಯೇ ನೋಡಿದರು.

"ಸೊರಗೀದಿ" ಎಂದರು. "ನೀರು ಹಿಡಸಲಿಲ್ಲೇನು?"

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ನಾನು ಒಳಗಿನ ಬಾಗಿಲಲ್ಲಿ ನಿಂತಿದ್ದೆ. ಇವರು ತಾಯಿಯ ಮುಖವನ್ನು ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು.

"ನನ್ನ ಎದಿಗೆ ಗಾಯ ಆಗೇತಿ, ಅವ್ವಾ. ಹಳೇದು. ಅಲ್ಲೆ ಹೋದ ಮ್ಯಾಲೆ ತಿಳೀತು. ಇನ್ನ ಮ್ಯಾಲೆ ನಾ ಸಾವಕಾಶ ಇರಬೇಕು."

ನಾನು ಓಡಿಹೋಗಿ ಹಿಡಿದುಕೊಳ್ಳಬೇಕಾದೀತು ಎಂದು ಒಂದು ಹೆಜ್ಜೆ ಮುಂದಿಟ್ಟೆ. ಅತ್ತಿ ಅಳಲಿಲ್ಲ, ದೇವರ ಹೆಸರೆತ್ತಲಿಲ್ಲ. ನೆಲಕ್ಕೆ ಕೈಯೂರಿ ಸರಿದು ಹತ್ತಿರ ಬಂದರು. ಚಿಕ್ಕ ಹುಡುಗ ಬಿದ್ದು ಬಂದರೆ ಕೇಳುವಂತೆ, "ಎಲ್ಲೆ?" ಎಂದು ಕೇಳುತ್ತ ಮಗನ ಅಂಗಿಯ ಮೇಲೆ ಅಂಗೈ ಇಟ್ಟರು.

ಇವರು ಆ ಕೈಯನ್ನು ಹಿಡಿದು, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ಸರಿಸಿದರು. "ಇಲ್ಲೆ" ಎಂದರು.